ಮೂಗಿಯ ಹಿಂದಿನ ಸೀಟು

ಅಣ್ಣ ಭಾನುವಾರ ಬೆಳಿಗ್ಗೆ ಊರು ಬಿಡುತ್ತಾನೆ ಎಂಬ ಸುದ್ದಿ ತಮ್ಮನಾದ ಸುತ್ತಿಗೆಗೆ ಗೊತ್ತಾದದ್ದು ಗುರುವಾರ. ಅದೂ ಅಣ್ಣನ ಬಾಯಿಂದಲ್ಲ, ಅಪ್ಪನ ಬಾಯಿಂದ. ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದೇ ಮನೆ, ಒಂದೇ ಬಚ್ಚಲು, ಒಂದೇ ಕನ್ನಡಿ. ಆದರೂ ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗುತ್ತಿದ್ದ. ನಡುವೆ ಅಪ್ಪ ನಿಂತು ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುತ್ತಿದ್ದ. ಹಾಗೆ ದಾಟಿಸುವಾಗ ಖಾರವನ್ನೆಲ್ಲ ಸೋಸಿ, ಇಲ್ಲದ ಅಕ್ಕರೆಯನ್ನು ತನ್ನ ಕೈಯಿಂದ ಒಂದಿಷ್ಟು ಸೇರಿಸುತ್ತಿದ್ದ. ಅವನು ಟೈಲರ್. ಹರಿದದ್ದನ್ನು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

ಸುತ್ತಿಗೆ ಎಂಬುದು ಗ್ಯಾರೇಜಿನವರು ಇಟ್ಟ ಹೆಸರು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ, ತಿಕ್ಕಿ, ಬಣ್ಣ ಹೊಡೆಯುವುದು ಅವನ ಕೆಲಸ. ಕೈಯಲ್ಲಿ ಹಿಡಿದದ್ದೂ ಸುತ್ತಿಗೆ, ಬಾಯಲ್ಲಿ ಆಡುವುದೂ ಸುತ್ತಿಗೆ. ಕೋಪ ಅವನಿಗೆ ಬರುತ್ತಿರಲಿಲ್ಲ, ಇರುತ್ತಿತ್ತು. ಬೆಳಿಗ್ಗೆ ಎದ್ದಾಗ ಅವನಿಗಿಂತ ಮೊದಲೇ ಅದು ಎದ್ದು ಕೂತಿರುತ್ತಿತ್ತು.

ಈ ನಾಲ್ಕು ತಿಂಗಳ ಕೋಪದ ಕಾರಣ ಗೇಟಿನ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಅಣ್ಣನ ಹೈಬ್ರಿಡ್ ಕಾರು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಹಿಂದಿನ ಸೀಟಿನ ಬೆನ್ನಿಗೆ ದೊಡ್ಡದೊಂದು ಬ್ಯಾಟರಿಯೂ ಇದೆ. ಯಾವ ಹೊತ್ತಿಗೆ ಯಾವುದು ದುಡಿಯಬೇಕು ಎಂಬುದನ್ನು ಕಾರೇ ನೋಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಬ್ಯಾಟರಿ ತುಂಬುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ತಾನಾಗಿ ಮಲಗುತ್ತದೆ. ಸದ್ದಿಲ್ಲ, ನಡುಕವಿಲ್ಲ. ಅಮ್ಮ ಮೊದಲ ದಿನವೇ ಅದಕ್ಕೆ ಮೂಗಿ ಎಂದು ಹೆಸರಿಟ್ಟಳು. ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವವಳು ಒಬ್ಬಳಾದರೂ ಬಂದಳಲ್ಲ ಎಂದು ಸಣ್ಣ ಮಗನ ಮುಖ ನೋಡಿ ನಕ್ಕಳು.

ಅಮ್ಮನಿಗೆ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಯಂತ್ರಕ್ಕೆ ಮೈಕೊಟ್ಟು ಮಲಗಬೇಕು. ವಾಪಸ್ ಬರುವಾಗ ಬೇರೆ ಯಾವ ಗಾಡಿಯಲ್ಲಿ ಕೂತರೂ ಕುಲುಕಾಟಕ್ಕೆ ವಾಂತಿ. ಮೂಗಿಯಲ್ಲಿ ಮಾತ್ರ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಹೋಗುತ್ತಿದ್ದಳು. ಮನೆ ಬಂದ ಮೇಲೂ ಎಬ್ಬಿಸಲು ಮನಸ್ಸಾಗದೆ ಅಪ್ಪ, ಅಣ್ಣ ಇಬ್ಬರೂ ಕಾರಿನಲ್ಲೇ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.

ಅಣ್ಣನ ಫೋನಿನಲ್ಲಿ ಈ ಕಾರಿಟ್ಟುಕೊಂಡವರದೇ ಒಂದು ಗುಂಪಿತ್ತು. ಅದರಲ್ಲಿ ಬರುವ ಪುರಾಣಗಳನ್ನು ಅವನು ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದ. ಒಬ್ಬರು ಸದ್ದಿಲ್ಲವೆಂದು ಕಾರು ಬಂದ್ ಆಗಿದೆ ಎಂದೇ ತಿಳಿದು ಸಿನಿಮಾಕ್ಕೆ ಹೋಗಿಬಿಟ್ಟರಂತೆ. ಮೂರು ತಾಸು ಬಿಟ್ಟು ಬಂದರೆ ಅದು ಎಸಿ ಹಾಕಿಕೊಂಡು ಒಬ್ಬಂಟಿಯಾಗಿ ತಂಪಾಗಿ ಕೂತಿತ್ತಂತೆ. ಇನ್ನೊಬ್ಬರ ಬೀದಿಯ ನಾಯಿಗಳು ಈ ಕಾರಿಗೆ ಮರ್ಯಾದೆಯನ್ನೇ ಕೊಡದೆ ನಡುದಾರಿಯಲ್ಲಿ ಮಲಗೇ ಇರುತ್ತವೆ, ಇಳಿದು ಹೋಗಿ ಕೈಮುಗಿದರೆ ಮಾತ್ರ ಏಳುತ್ತವಂತೆ. ಮತ್ತೊಬ್ಬರ ಮನೆಯಲ್ಲಿ ಲೀಟರಿಗೆ ಯಾರು ಹೆಚ್ಚು ದೂರ ಓಡಿಸಿದರು ಎಂಬ ಜಗಳಕ್ಕೆ ಗಂಡ ಹೆಂಡತಿ ಎರಡು ದಿನ ಊಟ ಬಿಟ್ಟಿದ್ದರಂತೆ. ತೋಳಿಗೆ ಸೂಜಿ ಚುಚ್ಚಿಸಿಕೊಂಡಿದ್ದ ಅಮ್ಮ ನಗು ತಡೆಯಲಾರದೆ ನರ್ಸಿನಿಂದ ಬೈಸಿಕೊಳ್ಳುತ್ತಿದ್ದಳು.

ನಾಲ್ಕು ತಿಂಗಳ ಹಿಂದಿನ ಆ ಮಂಗಳವಾರ ಆಸ್ಪತ್ರೆಯ ದಿನವಾಗಿರಲಿಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಅಪ್ಪ, ಅಣ್ಣ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು. ಮೇಲ್ಸೇತುವೆಯ ಏರಿನಲ್ಲಿ ಕಾರಿನ ಪರದೆಯ ಮೇಲೆ ಕೆಂಪು ತ್ರಿಕೋನ ಹೊತ್ತಿಕೊಂಡಿತು. ಕಾರು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು. ಆಮೇಲೆ ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ. ಅಣ್ಣ ಕಂಡಕಂಡ ಗಾಡಿಗಳಿಗೆ ಅಡ್ಡ ನಿಂತ. ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಸುತ್ತಿಗೆ ಗ್ಯಾರೇಜಿನಿಂದ ಬೈಕ್ ಹಾರಿಸಿಕೊಂಡು ಹೋಗಿ ತಲುಪುವ ಹೊತ್ತಿಗೆ ಆಂಬುಲೆನ್ಸಿನವರಿಗೆ ಅವಸರವೇ ಇರಲಿಲ್ಲ. ಅವರ ಆ ನಿಧಾನ ಕಂಡೇ ಅವನಿಗೆ ವಿಷಯ ತಿಳಿಯಿತು.

ಅದಕ್ಕೆ ಹತ್ತು ದಿನ ಮುಂಚೆ ಅದೇ ತ್ರಿಕೋನ ಒಮ್ಮೆ ಕಾಣಿಸಿಕೊಂಡಿತ್ತು. ಆಫ್ ಮಾಡಿ ಆನ್ ಮಾಡಿದೆ, ಹೋಯಿತು, ಸರ್ವೀಸಿನವರು ಮುಂದಿನ ವಾರ ಬಾ ಅಂದಿದ್ದಾರೆ ಎಂದು ಅಣ್ಣನೇ ಊಟಕ್ಕೆ ಕೂತಾಗ ಹೇಳಿದ್ದ. ಸುತ್ತಿಗೆಗೆ ಅಷ್ಟು ಸಾಕಾಯಿತು. ಮನೆ ತುಂಬ ಜನ, ನಡುವೆ ಅಮ್ಮ, ತಲೆ ತಗ್ಗಿಸಿ ಗೋಡೆಗೆ ಒರಗಿ ಕೂತ ಅಣ್ಣ. ಅವನ ಎದುರು ನಿಂತು, "ಕೊಂದವನು ನೀನೇ. ನಿನ್ನ ಉದಾಸೀನ ಕೊಂದಿದ್ದು ಅಮ್ಮನ್ನ," ಎಂದ. ಇನ್ನೂ ಬಹಳ ಅಂದ. ಬಂದವರು ಎಳೆದು ಹೊರಗೆ ಕರೆದುಕೊಂಡು ಹೋಗುವವರೆಗೂ ಬಾಯಿಗೆ ಬಂದದ್ದನ್ನೆಲ್ಲ ಅಂದ. ಅಣ್ಣ ಒಂದು ಸಲವೂ ತಲೆ ಎತ್ತಲಿಲ್ಲ. ತಪ್ಪಿಲ್ಲದವನಾದರೆ ಹೀಗೆ ಕಲ್ಲಿನಂತೆ ಕೂರುತ್ತಾನೆಯೇ? ಸುತ್ತಿಗೆಯ ಲೆಕ್ಕದಲ್ಲಿ ಆ ಮೌನವೇ ಒಪ್ಪಿಗೆ.

ಅಂಥವನು ಈಗ ಬೇರೆ ಊರಿನ ಕಾರ್ಖಾನೆಯಲ್ಲಿ ಬಸ್ ಓಡಿಸುವ ಕೆಲಸ ಹಿಡಿದು, ಕೈತೊಳೆದುಕೊಂಡು ಹೊರಟಿದ್ದಾನೆ. ಸುತ್ತಿಗೆಗೆ ಮೈಯೆಲ್ಲ ಉರಿಯಿತು. ಹೋಗಲಿ, ಆದರೆ ಹೋಗುವ ಮೊದಲು ಅಪ್ಪನ ಎದುರಿಗೆ ಅವನ ತಪ್ಪನ್ನು ಅವನ ಮುಖಕ್ಕೆ ಹಿಡಿದು ತೋರಿಸಿಯೇ ಕಳಿಸಬೇಕು. ಕಾರು ನಿಂತದ್ದು ಯಾಕೆ ಎಂದು ಬಲ್ಲವರಿಂದ ಬಿಚ್ಚಿಸಿ ನೋಡಬೇಕು.

ಹೈಬ್ರಿಡ್ ಬ್ಯಾಟರಿ ಬಿಚ್ಚುವುದು ಎಲ್ಲರ ಕೈಯ ಕೆಲಸವಲ್ಲ. ಎಡವಟ್ಟಾದರೆ ಕರೆಂಟು ಹೊಡೆದು ಅಲ್ಲೇ ಕರಕಲು. ಸುತ್ತಿಗೆಗೆ ಕಾರಿನ ಚರ್ಮ ಗೊತ್ತೇ ಹೊರತು ಕರುಳು ಗೊತ್ತಿಲ್ಲ. ಅದಕ್ಕೆ ಬ್ಯಾಟರಿ ಮೇಷ್ಟ್ರನ್ನು ಕರೆಸಿದ. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಒಂದು ಬೋಲ್ಟು ಸಡಿಲಿಸಿದರೆ ಹತ್ತು ನಿಮಿಷ ಪಾಠ ಮಾಡುತ್ತಾರೆಂದು ಆ ಹೆಸರು. ಶುಕ್ರವಾರ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ ಮೇಲೆ, ಅಣ್ಣ ತಾನು ಓಡಿಸುತ್ತಿದ್ದ ಬಾಡಿಗೆ ವ್ಯಾನನ್ನು ಒಪ್ಪಿಸಿ ಬರಲು ಹೋದ ಮೇಲೆ, ಅವರು ಬಂದರು. ಭುಜದವರೆಗೆ ರಬ್ಬರ್ ಕೈಗವಸು ಏರಿಸಿಕೊಂಡರು. ಸುತ್ತಿಗೆ ಟಾರ್ಪಾಲು ಎಳೆದ.

ಅಣ್ಣನ ಅಸಡ್ಡೆಯಿಂದಲೇ ಹಾಳಾಯಿತು ಎಂದು ಒಂದು ಚೀಟಿ ಬರೆದುಕೊಡಬೇಕು ಎಂದು ಅವನು ಮೊದಲೇ ಕೇಳಿಕೊಂಡ. ಮೇಷ್ಟ್ರು ನಕ್ಕರು. ಡಾಕ್ಟರಿಗೆ ರೋಗದ ಹೆಸರನ್ನು ರೋಗಿಯ ತಮ್ಮ ಹೇಳಿಕೊಡುತ್ತಾನಾ ಎಂದರು.

ಹಿಂದಿನ ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು. ಸೀಟಿಗೆ ಅಪ್ಪ ಹೊಲಿದ ಕವರ್ ಇತ್ತು. ಹೊರಗೆ ಮೆತ್ತನೆಯ ಹಸಿರು ಬಟ್ಟೆ, ಒಳಗೆ ಹತ್ತಿ ತುಂಬಿ ಚೌಕ ಚೌಕವಾಗಿ ಹಾಕಿದ ಹೊಲಿಗೆ, ಅಂಚಿಗೆ ಬಿಳಿ ದಾರದ ಗೋಟು. ಬಾಗಿಲಿನ ಬದಿಯ ಮೂಲೆಯನ್ನೂ ಬಿಡದೆ ಅಚ್ಚಿಗೆ ಹೊಯ್ದಂತೆ ಕೂತಿತ್ತು.

"ಯಾರ ಕೈ ಇದು?"

"ನಮ್ಮಪ್ಪಂದು. ಅಮ್ಮನಿಗೆ ಮಲಗೋಕೆ ಮೆತ್ತಗಿರಲಿ ಅಂತ."

ಮೇಷ್ಟ್ರು ಹೊಲಿಗೆಯ ಮೇಲೆ ಬೆರಳಾಡಿಸಿದರು. ಕೈ ಬಹಳ ಚೆನ್ನಾಗಿದೆ ಎಂದರು. ಆಮೇಲೆ ಮೂಲೆಯ ಎಲಾಸ್ಟಿಕ್ ಬಿಡಿಸಿ ಕವರನ್ನು ಮೇಲಕ್ಕೆತ್ತಿದರು. ಅದರ ಕೆಳಗೆ ಸೀಟಿನ ಪಕ್ಕದಲ್ಲಿ ಅಂಗೈಯಗಲದ ಒಂದು ಕಪ್ಪು ಜಾಲರಿ ಇತ್ತು.

"ನೋಡಪ್ಪ, ಬ್ಯಾಟರಿ ಉಸಿರಾಡೋದು ಇಲ್ಲಿಂದ. ಒಳಗೆ ಫ್ಯಾನ್ ಇದೆ, ಈ ಜಾಲರಿಯಿಂದ ತಂಪು ಗಾಳಿ ಎಳ್ಕೊಳುತ್ತೆ. ಇದನ್ನ ಮುಚ್ಚಿದ್ರೆ ಅದು ಒಳಗೊಳಗೇ ಬೇಯುತ್ತೆ. ತಿಂಗಳು ತಡ್ಕೊಳುತ್ತೆ, ಎರಡು ತಿಂಗಳು ತಡ್ಕೊಳುತ್ತೆ. ಆಮೇಲೆ ಒಂದು ದಿನ, ಏರು ಹತ್ತುವಾಗಲೋ ಏನೋ, ಕೈ ಚೆಲ್ಲುತ್ತೆ."

ಆದರೂ ಅವರು ಬಿಚ್ಚಿದರು. ಕಿತ್ತಳೆ ಬಣ್ಣದ ಪ್ಲಗ್ ಕಿತ್ತು, ಸೀಟು ಕಳಚಿ, ಫ್ಯಾನ್ ತೆಗೆದು ತೋರಿಸಿದರು. ಅದರ ರೆಕ್ಕೆಗಳಿಗೆಲ್ಲ ಹಸಿರು ನೂಲಿನ ಜೂಲು ಸುತ್ತಿಕೊಂಡಿತ್ತು. ಒಳಗಿನ ಸೆಲ್ಲುಗಳು ಹೊಟ್ಟೆಯುಬ್ಬರಿಸಿಕೊಂಡಿದ್ದವು. ಹತ್ತು ದಿನ ಮೊದಲು ದೀಪ ಬಂದಾಗಲೇ ತಂದಿದ್ದರೆ ಉಳಿಯುತ್ತಿತ್ತಾ ಎಂದು ಸುತ್ತಿಗೆ ಕೇಳಿದ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಅಷ್ಟರಲ್ಲಿ ಅರ್ಧ ಬೆಂದಿರುತ್ತೆ ಎಂದರು ಮೇಷ್ಟ್ರು. ಕೈಗವಸು ಕಳಚುತ್ತ, ಇದನ್ನು ಬಿಚ್ಚಿಸುವ ಅಗತ್ಯವೇ ಇರಲಿಲ್ಲವಲ್ಲ ಎಂದೂ ಸೇರಿಸಿದರು.

"ನಿಮ್ಮಣ್ಣ ಆಗಲೇ ಕೇಳಿದ್ರಲ್ಲ. ನಾಲ್ಕು ತಿಂಗಳಾಯ್ತೇನೋ. ಓನರ್‌ಗಳ ಗುಂಪಲ್ಲಿ ನಾನೂ ಇದ್ದೀನಿ. ಕಾರು ಯಾಕೆ ನಿಂತಿರಬಹುದು ಅಂತ ಹಾಕಿದ್ರು. ಹಿಂದಿನ ಸೀಟಿನ ಫೋಟೋ ಕಳ್ಸಿ ಅಂದೆ. ಇದೇ ಹಸಿರು ಕವರ್. ಜಾಲರಿ ಮುಚ್ಚಿದೀರಿ, ಅದಕ್ಕೇ ಅಂತ ಅವತ್ತೇ ಹೇಳಿದ್ದೆ. ಥ್ಯಾಂಕ್ಸ್ ಅಂತ ಹಾಕಿ, ಆಮೇಲೆ ಗುಂಪು ಬಿಟ್ಟುಹೋದ್ರು."

ಮೇಷ್ಟ್ರು ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿ ಹೋದರು. ಸುತ್ತಿಗೆ ತೆರೆದ ಬಾಗಿಲಿನ ಪಕ್ಕ ನೆಲದ ಮೇಲೆ ಕೂತ. ಅವನಿಗೆ ಕವರ್ ಅಳತೆ ತೆಗೆದ ದಿನ ನೆನಪಾಗಿತ್ತು. ನೆನಪಾಗದಿರಲಿ ಎಂದು ಹಲ್ಲು ಕಚ್ಚಿದರೂ ಬಿಡದೆ, ಒಂದೊಂದಾಗಿ ಎಲ್ಲವೂ ಬಂತು.

ಟೇಪಿನ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಅಪ್ಪ ಬಟ್ಟೆಯನ್ನು ಸೀಟಿನ ಮೇಲೆ ಹರಡಿ, ಜಾಲರಿ ಬರುವ ಕಡೆ ಸೀಮೆಸುಣ್ಣದಿಂದ ಒಂದು ಚೌಕ ಎಳೆದಿದ್ದ. ಅಲ್ಲಿ ಕತ್ತರಿಸಿ ಕಿಂಡಿ ಬಿಡೋಣ ಎಂದಿದ್ದ. ಟೈಲರ್‌ಗೆ ಗೊತ್ತಿತ್ತು, ಜೇಬು ಇರುವ ಕಡೆ ಜೇಬು, ತೂತು ಇರುವ ಕಡೆ ತೂತು. ಬೇಡ ಎಂದವನು ಸುತ್ತಿಗೆ. ಬಣ್ಣ ಹೊಡೆಯುವವರ ಮೊದಲ ಪಾಠವೇ ಅದು: ಕಾರಿನಲ್ಲಿ ಎಲ್ಲೆಲ್ಲಿ ಕಿಂಡಿ ಕಂಡರೂ ಕಾಗದ ಅಂಟಿಸಿ ಮುಚ್ಚು. "ಆ ಜಾಲರೀನೂ ಸೇರಿಸಿ ಮುಚ್ಚಿಬಿಡಪ್ಪ. ಇಲ್ದಿದ್ರೆ ಒಳಗೆ ಧೂಳು ಹೋಗುತ್ತೆ. ಅಮ್ಮನಿಗೂ ಅಲ್ಲಿ ಗುಂಯ್ ಅನ್ನೋದು ಕಿವಿಗೆ ಬೀಳಲ್ಲ," ಎಂದಿದ್ದ. ಮುಂದೆ ಸ್ಟೀರಿಂಗ್ ಹಿಡಿದು ಕೂತಿದ್ದ ಅಣ್ಣ ತಿರುಗಿ ನೋಡಿ, ಅದು ಯಾತಕ್ಕೋ ಇರಬೇಕು ಕಣೋ, ಕೇಳಿ ನೋಡೋಣ ಎಂದಿದ್ದ. ಹಗಲೆಲ್ಲ ಕಾರಿನ ಮೈ ತಿಕ್ಕುವವನಿಗೆ ನೀನು ಕಾರಿನ ಪಾಠ ಹೇಳುತ್ತೀಯಾ ಎಂದು ಅವನ ಬಾಯಿ ಮುಚ್ಚಿಸಿದವನೂ ಸುತ್ತಿಗೆಯೇ. ಅಪ್ಪ ಇಬ್ಬರೂ ಮಕ್ಕಳ ಮುಖ ನೋಡಿದ. ಹೆಬ್ಬೆರಳಿನಿಂದ ಸೀಮೆಸುಣ್ಣದ ಗೆರೆಯನ್ನು ಒರೆಸಿಬಿಟ್ಟ.

ಸುತ್ತಿಗೆ ಎದ್ದು ಕವರನ್ನು ಮತ್ತೆ ಸೀಟಿಗೆ ಏರಿಸಿದ. ಸಂಜೆ ಅಂಗಡಿಯಿಂದ ಬಂದ ಕೂಡಲೇ ಅಪ್ಪ ಟಾರ್ಪಾಲು ಸರಿಸಿ ಹತ್ತು ನಿಮಿಷ ಆ ಸೀಟಿನಲ್ಲಿ ಹೋಗಿ ಕೂರುತ್ತಿದ್ದ. ಒಂದು ಎಲಾಸ್ಟಿಕ್ ಹೆಚ್ಚುಕಡಿಮೆಯಾದರೂ ಆ ಕಣ್ಣಿಗೆ ಗೊತ್ತಾಗುತ್ತದೆ. ನಾಲ್ಕು ಸಲ ಎಳೆದು ಸರಿಮಾಡಿದ.

ಅಣ್ಣ ವ್ಯಾನಿನವರ ಶೆಡ್ಡಿನಲ್ಲಿದ್ದ. ಒಪ್ಪಿಸುವ ಮೊದಲು ಪೈಪ್ ಹಿಡಿದು ಗಾಡಿ ತೊಳೆಯುತ್ತಿದ್ದ. ತಮ್ಮ ಬೈಕ್ ನಿಲ್ಲಿಸಿ ಎದುರಿಗೆ ಬಂದು ನಿಂತದ್ದನ್ನು ಕಂಡು ನಲ್ಲಿ ಬಂದ್ ಮಾಡಿದ. ಹೊಡೆಯಲು ಬಂದಿದ್ದಾನೆ ಎಂದುಕೊಂಡನೋ ಏನೋ, ಪೈಪನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈ ಇಳಿಬಿಟ್ಟು ನಿಂತ.

"ಬ್ಯಾಟರಿ ಮೇಷ್ಟ್ರು ಬಂದಿದ್ರು," ಎಂದ ಸುತ್ತಿಗೆ. ನಾಲ್ಕು ತಿಂಗಳಲ್ಲಿ ಅಣ್ಣನೊಡನೆ ಆಡಿದ ಮೊದಲ ಮಾತು.

ಅಣ್ಣ ಮೊದಲು ಕೇಳಿದ್ದು ಒಂದೇ. "ಅಪ್ಪನಿಗೆ ಗೊತ್ತಾಯ್ತಾ?"

"ಇಲ್ಲ."

"ಕವರ್?"

"ಹಾಗೇ ಹಾಕಿ ಬಂದೆ."

ಅಣ್ಣ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಬಹಳ ದಿನ ಹೊತ್ತದ್ದನ್ನು ಕೆಳಗಿಟ್ಟವನ ಹಾಗಲ್ಲ. ಇನ್ನೊಬ್ಬನ ತಲೆಗೂ ಅದು ಬಂತಲ್ಲ ಎಂದು ಸುಸ್ತಾದವನ ಹಾಗೆ. ಸುತ್ತಿಗೆ ನಿಂತೇ ಇದ್ದ. ಅಷ್ಟು ಜನರ ಎದುರು ಮರ್ಯಾದೆ ತೆಗೆದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ. ಕೇಳುವಾಗಲೂ ಅವನ ದನಿ ಜಗಳದ ದನಿಯಾಗಿಯೇ ಹೊರಟಿತು. ಬೇರೆ ದನಿ ಅವನಲ್ಲಿ ಇರಲಿಲ್ಲ.

"ಅವತ್ತು ನಂಗೂ ಗೊತ್ತಿರ್ಲಿಲ್ಲ ಕಣೋ. ದೀಪ ಬಂದ ದಿನಾನೇ ಹೋಗ್ಬೇಕಿತ್ತು, ನಂದೇ ತಪ್ಪು ಅಂತಲೇ ಕೂತಿದ್ದೆ. ಗೊತ್ತಾಗಿದ್ದು ಎರಡು ದಿನ ಬಿಟ್ಟು. ಆಮೇಲೆ ಏನಂತ ಹೇಳ್ಲಿ? ಅಮ್ಮಂಗೆ ಅಂತ ಅಪ್ಪ ಹೊಲಿದ ಬಟ್ಟೆಯಿಂದ್ಲೇ ಹೀಗಾಯ್ತು ಅಂತಲಾ? ಮುಚ್ಚು ಅಂದಿದ್ದು ಇವನು ಅಂತಲಾ? ಒಂದನ್ನ ಹೇಳಿದ್ರೆ ಇನ್ನೊಂದನ್ನೂ ಹೇಳ್ಬೇಕಾಗುತ್ತೆ."

ನನ್ನ ಹೆಸರನ್ನಷ್ಟೇ ಅಪ್ಪನಿಗೆ ಹೇಳಿಬಿಡುತ್ತೇನೆ, ಎಲ್ಲ ನನ್ನ ಮೇಲೆ ಹಾಕಿಕೊಳ್ಳುತ್ತೇನೆ ಎಂದ ಸುತ್ತಿಗೆ. ಈಗಲೇ, ಈ ಕಾಲಲ್ಲೇ ಹೋಗಿ ಹೇಳುತ್ತೇನೆ ಎಂದ. ಅಣ್ಣ ಅವನ ಅಂಗಿಯ ತೋಳು ಹಿಡಿದ.

"ಹೊಲಿದ ಕೈ ಯಾರದ್ದು ಅಂತ ಅಪ್ಪನಿಗೆ ನೀನು ಹೇಳ್ಬೇಕಾ? ದಿನಾ ಮಿಷನ್ ಮುಂದೆ ಕೂರೋನು ಅವನು. ಆ ಕೈ ಇಟ್ಕೊಂಡು ನಾಳೆಯಿಂದ ಏನು ಹೊಲೀತಾನೆ?"

ಸುತ್ತಿಗೆ ಶೆಡ್ಡಿನ ಒದ್ದೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಅಣ್ಣ ಬೆನ್ನ ಮೇಲೆ ಕೈಯಿಡುತ್ತಾನೆ ಎಂದು ಕಾದ. ಅಣ್ಣ ಇಡಲಿಲ್ಲ. ಆಗ ಕೇಳಿದ:

"ಹೋಗ್ಬೇಡ ಅಣ್ಣ. ಈಗ ಎಲ್ಲ ಗೊತ್ತಾಯ್ತಲ್ಲ."

"ಹೋಗ್ತೀನಿ."

"ಇನ್ನೂ ಯಾಕೆ?"

"ನೀನು ಒಂದು ಮಾತು ಕೇಳಿದ್ಯಾ?" ಅಣ್ಣನ ದನಿ ಏರಲಿಲ್ಲ. "ನಾಲ್ಕು ತಿಂಗಳು ಒಂದೇ ಮನೇಲಿದ್ವಿ. ಏನಾಯ್ತಣ್ಣ ಅವತ್ತು, ಅಷ್ಟೇ. ಅಷ್ಟು ಕೇಳಿದ್ರೆ ಸಾಕಿತ್ತು. ನನ್ನ ಕಣ್ಣೆದುರೇ ಹೋದ್ಳು ಅಮ್ಮ. ನಂಗೂ ಅಮ್ಮನೇ ಅಲ್ವೇನೋ ಅವಳು? ದಿನಾ ಬೆಳಿಗ್ಗೆ ಎದ್ದು ನಿನ್ನ ಆ ಮುಖ ನೋಡಿ ನೋಡಿ ಸಾಕಾಗಿದೆ. ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ಆ ಮನೇಲಿ ನನ್ನ ಕೈಲಿ ಇರೋಕಾಗಲ್ಲ."

ಹೊರಗೆ ಯಾರೋ ಹಾರ್ನ್ ಹೊಡೆದು ಶೆಡ್ಡಿನ ಬಾಗಿಲು ಬಿಡಿಸಿಕೊಂಡು ಒಳಗೆ ಬಂದರು. ಅವರು ಗಾಡಿ ನಿಲ್ಲಿಸಿ ಹೋಗುವವರೆಗೆ ಅಣ್ಣತಮ್ಮಂದಿರು ಗುರುತಿಲ್ಲದವರಂತೆ ಬೇರೆ ಬೇರೆ ಕಡೆ ನೋಡಿದರು.

"ಇನ್ನೊಂದು ಮಾತು," ಎಂದ ಅಣ್ಣ. "ಭಾನುವಾರ ನನ್ನ ಹತ್ರ ಮಾತಾಡ್ಬೇಡ."

ಸುತ್ತಿಗೆ ತಲೆ ಎತ್ತಿದ.

"ಇದ್ದಕ್ಕಿದ್ದ ಹಾಗೆ ನೀನು ಬಂದು ನನ್ನ ಕೈ ಹಿಡ್ಕೊಂಡ್ರೆ ಅಪ್ಪ ಏನಾಯ್ತು ಅಂತ ಕೇಳ್ದೆ ಇರ್ತಾನಾ? ಎಳೆ ಸಿಕ್ಕಿದ್ರೆ ಪೂರ್ತಿ ಬಿಚ್ಚೋತನಕ ಬಿಡೋನಲ್ಲ ಅವನು. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಬರೋದು ಕೋಪ ಒಂದೇ, ಅದನ್ನೇ ಇಟ್ಕೊಂಡಿರು. ಒಂದು ವರ್ಷ ಹೋಗ್ಲಿ. ನಿಧಾನಕ್ಕೆ ನೋಡೋಣ."

ಅಣ್ಣ ನಲ್ಲಿ ತಿರುಗಿಸಿ ವ್ಯಾನಿನ ಉಳಿದ ಭಾಗ ತೊಳೆಯತೊಡಗಿದ.

ಭಾನುವಾರ ಎಂಟು ಗಂಟೆಗೆ ಅಣ್ಣನ ಎರಡು ಬ್ಯಾಗುಗಳು ಬಾಗಿಲಿಗೆ ಬಂದವು. ಸುತ್ತಿಗೆ ಅಂಗಳದಲ್ಲಿ ಬೈಕ್ ಮಲಗಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ಬಿಟ್ಟ ಚೈನಿಗೇ ಮತ್ತೆ ಬಿಡುತ್ತಿದ್ದ. ಅಪ್ಪ ಒಳಗೂ ಹೊರಗೂ ಓಡಾಡಿದ. ಅಣ್ಣನ ಅಂಗಿಗೆ ಬಿಗಿಯಾಗಿದ್ದ ಗುಂಡಿಯನ್ನೇ ಮತ್ತೊಮ್ಮೆ ಬಿಗಿದುಕೊಟ್ಟ. ಕೊನೆಗೆ ಸಣ್ಣ ಮಗನ ಪಕ್ಕ ಬಂದು ಬಗ್ಗಿ, ಹೊರಟಿದ್ದಾನೆ, ಒಂದು ಮಾತಾಡಿ ಕಳಿಸು, ನಿನ್ನ ದಮ್ಮಯ್ಯ ಅಂತೀನಿ ಎಂದ. ಸುತ್ತಿಗೆ ಎಣ್ಣೆಯ ಡಬ್ಬಿಯ ಮುಚ್ಚಳ ಹುಡುಕಿದ. ಅದು ಅವನ ಕಾಲ ಬಳಿಯೇ ಇತ್ತು.

ಅಪ್ಪ ಹೋಗಿ ಅಣ್ಣನ ಕೈ ಹಿಡಿದು ಎಳೆದುಕೊಂಡು ಬಂದ. ಆ ಕೈಯನ್ನು ಸುತ್ತಿಗೆಯ ಮುಖದ ಎದುರಿಗೆ ಚಾಚಿ ಹಿಡಿದ. ಅಣ್ಣನ ಬೆರಳುಗಳು, ಅಮ್ಮನ ಹಾಗೆಯೇ ಉದ್ದ, ಒಂದು ಗೇಣು ದೂರದಲ್ಲಿದ್ದವು.

"ಹಿಡ್ಕೊ," ಎಂದ ಅಪ್ಪ. "ನನ್ನಾಣೆ."

ಸುತ್ತಿಗೆ ಅಣ್ಣನ ಮುಖ ನೋಡಿದ. ಅಣ್ಣ ತುಸುವೇ, ಅಪ್ಪನಿಗೆ ಕಾಣದಷ್ಟು, ತಲೆ ಆಡಿಸಿದ. ಬೇಡ.

"ಹೋಗೋರು ಹೋಗ್ಲಿ," ಎಂದ ಸುತ್ತಿಗೆ. "ಕೈಯೆಲ್ಲ ಎಣ್ಣೆ ನಂದು."

ಅಪ್ಪನ ಮುಖ ಬಾಡಿಹೋಯಿತು. ಜೀವಮಾನದಲ್ಲಿ ಮಕ್ಕಳ ಮೇಲೆ ಕೈ ಎತ್ತದವನು ಕೈ ಎತ್ತಿದ, ಅರ್ಧದಲ್ಲೇ ಇಳಿಸಿದ. ಒಂದು ಬ್ಯಾಗನ್ನು ತಾನು ಎತ್ತಿಕೊಂಡು ಗೇಟು ತೆಗೆದ. ಇಬ್ಬರೂ ಹೊರಗೆ ಹೋದರು. ಬೆಳಗಿನ ಬೀದಿಯಲ್ಲಿ ಗಾಡಿಗಳಿರಲಿಲ್ಲ, ಕಾಂಪೌಂಡಿನ ಆಚೆ ಅವರ ಹೆಜ್ಜೆಯೂ ಮಾತೂ ಚೆನ್ನಾಗಿ ಕೇಳುತ್ತಿತ್ತು.

"ಬೇಜಾರು ಮಾಡ್ಕೋಬೇಡ ಕಣೋ," ಎನ್ನುತ್ತಿದ್ದ ಅಪ್ಪ. "ಅವನಿಗೆ ಅಮ್ಮ ಅಂದ್ರೆ ಜೀವ. ಅದಕ್ಕೇ ನಿನ್ನನ್ನ ಕ್ಷಮಿಸೋಕೆ ಆಗ್ತಿಲ್ಲ."

"ಗೊತ್ತಪ್ಪ," ಎಂದ ಅಣ್ಣ. "ನಂಗೆ ಗೊತ್ತು."